ಮನೆಯ ಮೂಲೆಯಲ್ಲೊಂದು ಪುಟ್ಟ ಗಣಕ, ಅದರೊಳಗೆ ನಮ್ಮ ಸಂಗೀತ

ಸಂಗೀತ ಕೇಳೋದಕ್ಕೆ ಅಂತಲೇ ಮನೆಯಲ್ಲಿ ಒಂದು ಪುಟ್ಟ ಗಣಕಯಂತ್ರ ಇಟ್ಟುಕೊಂಡಿದ್ದೇನೆ ಅಂದರೆ ಜನ ಎರಡು ಥರ ನೋಡುತ್ತಾರೆ. ಒಂದು ಗುಂಪಿನವರು "ಎಲ್ಲಾ ಮೊಬೈಲಿನಲ್ಲೇ ಸಿಗುತ್ತಲ್ಲ ಮಾರಾಯ, ಈ ಉಸಾಬರಿ ಯಾಕೆ?" ಅನ್ನುತ್ತಾರೆ. ಇನ್ನೊಂದು ಗುಂಪಿನವರು "ಯಾವ ಡಿಎಸಿ? ಯಾವ ಕೇಬಲ್ಲು? ಎಷ್ಟು ಕೊಟ್ಟೆ?" ಅಂತ ಶುರು ಹಚ್ಚುತ್ತಾರೆ. ಮೊದಲನೆಯವರಿಗೆ ಇದು ದಂಡದ ಖರ್ಚು, ಎರಡನೆಯವರಿಗೆ ಮೈಮೇಲಿನ ಒಡವೆ. ನನಗೆ ಮಾತ್ರ ಇದು ಮನೆಯ ಪುಸ್ತಕದ ಕಪಾಟಿನ ಹಾಗೆ. ಕಪಾಟು ತೇಗದ್ದೋ ಕಬ್ಬಿಣದ್ದೋ, ಏನಾದರೂ ಇರಲಿ. ಒಳಗೆ ಏನಿದೆ, ಬೇಕಾದಾಗ ಕೈಗೆ ಸಿಗುತ್ತಾ, ಹತ್ತು ವರ್ಷ ಬಿಟ್ಟು ಬಂದರೂ ಇರುತ್ತಾ, ಅಷ್ಟೇ ಪ್ರಶ್ನೆ.

ಏನಿದು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ರಾಸ್ಪ್‌ಬೆರಿ ಪೈ ಅನ್ನೋ ಎಟಿಎಂ ಕಾರ್ಡಿನಷ್ಟು ಅಗಲದ ಗಣಕ 2012ರಲ್ಲಿ ಬಂತು. ಶಾಲೆಯ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಅಂತ ಮಾಡಿದ್ದು. ನನ್ನ ಹತ್ತಿರ ಇರೋದು 2019ರ ನಾಲ್ಕನೇ ಆವೃತ್ತಿ. ಅದಕ್ಕೊಂದು 1 ಟಿಬಿ ಡಿಸ್ಕು, ಒಂದು ಡಿಎಸಿ (ಅಂದರೆ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಮಾಡಿ ಕೊಡುವ ಪುಟ್ಟ ಪೆಟ್ಟಿಗೆ), ಅಲ್ಲಿಂದ ಆಂಪ್ಲಿಫೈಯರ್, ಅಲ್ಲಿಂದ ಎರಡು ಸ್ಪೀಕರ್. ಇದಕ್ಕೆ ಪರದೆ, ಕೀಲಿಮಣೆ ಯಾವುದೂ ಬೇಕಿಲ್ಲ. ಫೋನೇ ರಿಮೋಟು. ಪೈ ಇಪ್ಪತ್ನಾಲ್ಕು ಗಂಟೆ ಓಡುತ್ತಿದ್ದರೂ ತಿಂಗಳಿಗೆ ಎರಡು ಮೂರು ಯೂನಿಟ್ ಕರೆಂಟು. ಪೈ ಕೊಳ್ಳಲೇಬೇಕು ಅಂತಲೂ ಇಲ್ಲ. ಪರದೆ ಒಡೆದು ಅಟ್ಟ ಸೇರಿದ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದರೂ ಇದೇ ಕೆಲಸ ಆಗುತ್ತದೆ. ತಂತ್ರಾಂಶಗಳೂ ಪುಕ್ಕಟೆ: 2003ರಿಂದ ಇರುವ ಮ್ಯೂಸಿಕ್ ಪ್ಲೇಯರ್ ಡೀಮನ್, ಮೂಡ್ ಆಡಿಯೋ, ಪೈಕೋರ್‌ಪ್ಲೇಯರ್, ನ್ಯಾವಿಡ್ರೋಮ್, ಲಿರಿಯಾನ್. ಯಾವುದಾದರೂ ಒಂದು ಹಿಡಿಯಿರಿ, ಜಗಳ ಬೇಡ.

ಈಗ "ಉತ್ಕೃಷ್ಟ ಗುಣಮಟ್ಟ" ಅನ್ನೋ ಮಾತಿಗೆ ಬರೋಣ. ಇದರ ಹೆಸರಲ್ಲಿ ಬಹಳ ವ್ಯಾಪಾರ ನಡೆಯುತ್ತೆ, ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ. ಸಿಡಿಯಲ್ಲಿ ಶಬ್ದವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿರುತ್ತಾರೆ. ಎಡ ಬಲ ಎರಡೂ ಸೇರಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್, ಗಂಟೆಗೆ ಸುಮಾರು 635 ಎಂಬಿ. ನಾವೆಲ್ಲ ಒಂದು ಕಾಲದಲ್ಲಿ ಸಿಡಿ ತುಂಬ ನೂರೈವತ್ತು ಹಾಡು ಅಂತ ಖುಷಿಪಟ್ಟು ಕೇಳುತ್ತಿದ್ದ 128 ಕಿಲೋಬಿಟ್ಟಿನ ಎಂಪಿ3 ಇದರ ಹನ್ನೊಂದನೇ ಒಂದು ಭಾಗ. ಕಿವಿಗೆ ಗೊತ್ತಾಗಲಿಕ್ಕಿಲ್ಲ ಅಂತ ಅಂದಾಜು ಮಾಡಿದ್ದನ್ನೆಲ್ಲ ಅದು ಎಸೆದಿರುತ್ತದೆ. ಅಂದಾಜು ಬಹಳ ಸಲ ಸರಿ, ಕೆಲವು ಸಲ ತಪ್ಪು. ಮೃದಂಗದ ಚಾಪು, ತಾಳದ ಝಣತ್ಕಾರ, ಸಭೆಯ ಚಪ್ಪಾಳೆ, ಇಂಥ ಥಟ್ಟನೆ ಎದ್ದೇಳುವ ಶಬ್ದಗಳು ಅದರಲ್ಲಿ ಒದ್ದೆ ಬಟ್ಟೆ ಬಡಿದ ಹಾಗೆ ಆಗಿಬಿಡುತ್ತವೆ.

ಫ್ಲಾಕ್ ಅನ್ನೋ ವಿಧಾನ 2001ರಿಂದ ಇದೆ. ಅದು ಏನನ್ನೂ ಎಸೆಯುವುದಿಲ್ಲ, ಮಡಚಿ ಇಡುತ್ತದೆ. ಬಿಚ್ಚಿದರೆ ಬಿಟ್ಟಿಗೆ ಬಿಟ್ಟು ಮೂಲದ್ದೇ. ನಮ್ಮ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಣಗಳು ಗಂಟೆಗೆ ಮುನ್ನೂರು, ನಾನ್ನೂರು ಎಂಬಿಯೊಳಗೆ ಕೂರುತ್ತವೆ. ಅಂದರೆ 1 ಟಿಬಿ ಡಿಸ್ಕಿನಲ್ಲಿ ಸುಮಾರು 2,800 ಗಂಟೆ. ದಿನಕ್ಕೆ ಒಂದು ಗಂಟೆಯಂತೆ ಕೇಳಿದರೂ ಏಳು ವರ್ಷಕ್ಕೆ ಸಾಕು. ಜಾಗ ಉಳಿಸೋದಕ್ಕೆ ಅಂತ ಸಂಗೀತವನ್ನು ಕತ್ತರಿಸುವ ಕಾಲ ಮುಗಿದು ಎಷ್ಟೋ ವರ್ಷ ಆಯಿತು.

ಹಾಗಂತ ಬಡಾಯಿಯೂ ಬೇಡ. ಚೆನ್ನಾಗಿ ಮಾಡಿದ 320 ಕಿಲೋಬಿಟ್ಟಿನ ಎಂಪಿ3ಗೂ ಫ್ಲಾಕ್‌ಗೂ ವ್ಯತ್ಯಾಸವನ್ನು ಕಣ್ಣುಮುಚ್ಚಿ ಹೇಳುವುದು ನನ್ನಂಥವರಿಗೆ ಆಗದ ಮಾತು. ನಾನು ಫ್ಲಾಕ್ ಇಡೋದು ಅದು ಮೂಲಪ್ರತಿ ಅನ್ನೋ ಕಾರಣಕ್ಕೆ. ಅದರಿಂದ ನಾಳೆ ಬರುವ ಯಾವ ವಿಧಾನಕ್ಕಾದರೂ ಹೊಸ ಪ್ರತಿ ತೆಗೆಯಬಹುದು. ಎಂಪಿ3ಯಿಂದ ಇನ್ನೊಂದು ತೆಗೆದರೆ ಜೆರಾಕ್ಸಿನ ಜೆರಾಕ್ಸು. ಇನ್ನು 24 ಬಿಟ್, 192 ಕಿಲೋಹರ್ಟ್ಸ್ ಅಂತ ಬರುವ ಭಾರೀ ಕಡತಗಳು: ಮನುಷ್ಯನ ಕಿವಿ ಸುಮಾರು 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ, ಅಷ್ಟನ್ನು ಹಿಡಿಯೋದಕ್ಕೆ 44.1 ಸಾಕು. ಕೇಳೋದಕ್ಕೆ 16 ಬಿಟ್‌ನ 96 ಡೆಸಿಬೆಲ್ ಅಂತರವೇ ಧಾರಾಳ. ರಸ್ತೆಯ ಹಾರ್ನು, ಪಕ್ಕದ ಮನೆಯ ಮಿಕ್ಸಿ, ಮೇಲೆ ತಿರುಗುವ ಫ್ಯಾನು ಇರುವ ನಮ್ಮ ಹಾಲ್‌ಗಳಲ್ಲಿ ಅಷ್ಟನ್ನೂ ಬಳಸಿಕೊಳ್ಳುವ ನಿಶ್ಶಬ್ದ ಎಲ್ಲಿದೆ ಹೇಳಿ :-)

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಪೈಯ ಸ್ವಂತ ಹೆಡ್‌ಫೋನ್ ತೂತನ್ನು ನೆಚ್ಚಬೇಡಿ, ಅದರ ಶಬ್ದ ಸಾಧಾರಣ. 2023ರ ಐದನೇ ಆವೃತ್ತಿಯಲ್ಲಂತೂ ಆ ತೂತೇ ಇಲ್ಲ. ಯುಎಸ್‌ಬಿಗೆ ಚುಚ್ಚುವ ಡಿಎಸಿಯೋ, ಪೈಯ ಪಿನ್ನುಗಳ ಮೇಲೆ ಕೂರುವ ಡಿಎಸಿ ಹಲಗೆಯೋ ಒಂದು ಬೇಕು, ಮಧ್ಯಮ ಬೆಲೆಯದ್ದೇ ಸಾಕು. ಉಳಿದ ದುಡ್ಡೆಲ್ಲ ಸ್ಪೀಕರಿಗೆ. ಗೋಡೆಗೆ ಅಂಟಿಸಿ ಇಡದೆ ಸ್ವಲ್ಪ ಮುಂದಕ್ಕೆ ತನ್ನಿ, ಕಿವಿಯ ಮಟ್ಟಕ್ಕೆ ಏರಿಸಿ. ಚಿನ್ನದ ಲೇಪದ ಯುಎಸ್‌ಬಿ ಕೇಬಲ್ಲು, ಸಂಗೀತಕ್ಕೆಂದೇ ಮಾಡಿದ ನೆಟ್‌ವರ್ಕ್ ತಂತಿ, ಇವೆಲ್ಲ ನನ್ನ ಮಟ್ಟಿಗೆ ತಾಯಿತದ ಲೆಕ್ಕ. ಅಂಕಿ ಬಂದು ತಲುಪಿದರೆ ತಲುಪಿತು, ಇಲ್ಲದಿದ್ದರೆ ಶಬ್ದ ಕಡಿದುಹೋಗಿ ಯಾರಿಗೂ ಗೊತ್ತಾಗುತ್ತದೆ. ತಂತಿಯ ಬೆಲೆ ಹೆಚ್ಚಿದ ಮಾತ್ರಕ್ಕೆ ಷಡ್ಜ ಇಂಪಾಗುವುದಿಲ್ಲ.

ದುಡ್ಡಿಲ್ಲದೆ ಆಗುವ ಎರಡು ಕೆಲಸ ಮಾತ್ರ ನಿಜಕ್ಕೂ ಮುಖ್ಯ. ಒಂದು, ಲಿನಕ್ಸಿನಲ್ಲಿ ಹಲವು ತಂತ್ರಾಂಶಗಳ ಶಬ್ದವನ್ನು ಬೆರೆಸುವ ಪದರವೊಂದು ನಡುವೆ ಇರುತ್ತದೆ. ಅದು ಬಹಳ ಸಲ ಸಿಡಿಯ 44,100ನ್ನು 48,000 ಮಾಡಿ ಕಳಿಸುತ್ತದೆ. ಸೆಟ್ಟಿಂಗ್ಸಿನಲ್ಲಿ ನೇರವಾಗಿ ಡಿಎಸಿಯ ಹೆಸರನ್ನೇ ಕೊಟ್ಟುಬಿಟ್ಟರೆ ಅಂಕಿಗಳು ಇದ್ದ ಹಾಗೇ ಹೋಗುತ್ತವೆ. ಎರಡು, ಹಾಡುಗಳ ನಡುವೆ ಖಾಲಿ ಬಿಡದೆ ನುಡಿಸುವ ಏರ್ಪಾಡು. ಸಿನಿಮಾ ಹಾಡಿಗೆ ಇದು ಬೇಕಿಲ್ಲ. ಆದರೆ ರಾಗ ತಾನ ಪಲ್ಲವಿಯನ್ನು ಮೂರು ಟ್ರ್ಯಾಕ್ ಮಾಡಿದ ಸಿಡಿಯಲ್ಲಿ, ರಾಗ ಮುಗಿದು ತಾನಕ್ಕೆ ಕಾಲಿಡುವ ಕ್ಷಣದಲ್ಲಿ ತಂಬೂರಿ ಅರ್ಧ ಸೆಕೆಂಡ್ ಸತ್ತು ಮತ್ತೆ ಹುಟ್ಟಿದರೆ? ಊಟದ ನಡುವೆ ಕಲ್ಲು ಸಿಕ್ಕ ಹಾಗೆ. ಹಳೆಯ ಎಂಪಿ3ಗಳಲ್ಲಿ ಈ ಕಲ್ಲು ಇದ್ದೇ ಇರುತ್ತಿತ್ತು. ಫ್ಲಾಕ್‌ನಲ್ಲಿ, ಸರಿಯಾದ ತಂತ್ರಾಂಶದಲ್ಲಿ, ಇಲ್ಲ.

ಗುಣಮಟ್ಟದ ಮಾತು ಇಷ್ಟೇ. ಇಷ್ಟಕ್ಕೇ ಆಗಿದ್ದರೆ ನಾನೂ ಮೊದಲ ಗುಂಪಿನವರ ಜೊತೆ ಸೇರಿ "ಮೊಬೈಲೇ ಸಾಕು" ಅಂದುಬಿಡುತ್ತಿದ್ದೆ. ಯಾಕಂದರೆ ಆ್ಯಪಲ್ ಮ್ಯೂಸಿಕ್ 2021ರಲ್ಲೇ, ಸ್ಪಾಟಿಫೈ 2025ರಲ್ಲಿ, ನಷ್ಟವಿಲ್ಲದ ಶಬ್ದ ಕೊಡಲು ಶುರು ಮಾಡಿದವು. ಹೊಸದೇನಿದೆ ಅಂತ ಹುಡುಕೋದಕ್ಕೆ ನಾನೂ ಅವನ್ನು ಬಳಸುತ್ತೇನೆ. ತಕರಾರು ಇರೋದು ಬೇರೆ ಎರಡು ವಿಷಯದಲ್ಲಿ.

ಮೊದಲನೆಯದು ಬಾಳಿಕೆ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆದ ಹಾಗೆ ಇದು. ನಮ್ಮ ದೇಶದಲ್ಲೇ 2022ರಲ್ಲಿ ಗಾನಾ ತನ್ನ ಉಚಿತ ಸೇವೆ ನಿಲ್ಲಿಸಿತು. 2024ರ ಜನವರಿಯಲ್ಲಿ ರೆಸ್ಸೋ ಬಾಗಿಲು ಹಾಕಿತು. ಅದೇ ವರ್ಷ ವಿಂಕ್ ಮ್ಯೂಸಿಕನ್ನು ಮುಚ್ಚುವುದಾಗಿ ಏರ್‌ಟೆಲ್ ಹೇಳಿತು. ವರ್ಷಗಟ್ಟಲೆ ಜನ ಆರಿಸಿ ಆರಿಸಿ ಜೋಡಿಸಿದ ಪಟ್ಟಿಗಳ ಗತಿ? ಇದಕ್ಕೆ ಎದುರಾಗಿ ಲಿರಿಯಾನಿನ ಕತೆ ನೋಡಿ. ಸ್ಲಿಮ್ ಡಿವೈಸಸ್ ಅನ್ನೋ ಅಮೆರಿಕದ ಪುಟ್ಟ ಕಂಪನಿ ಮಾಡಿದ ಸ್ಕ್ವೀಜ್‌ಬಾಕ್ಸ್‌ಗೆ ಜೊತೆಯಾಗಿದ್ದ ತಂತ್ರಾಂಶ ಅದು. 2006ರಲ್ಲಿ ಕಂಪನಿಯನ್ನು ಲಾಜಿಟೆಕ್ ಕೊಂಡಿತು, 2012ರಲ್ಲಿ ಆ ಪೆಟ್ಟಿಗೆಗಳನ್ನು ನಿಲ್ಲಿಸಿತು, 2024ರಲ್ಲಿ ಅವುಗಳ ಅಂತರ್ಜಾಲ ಸೇವೆಯನ್ನೂ ನಿಲ್ಲಿಸಿತು. ಆದರೆ ಮನೆಯ ಗಣಕದಲ್ಲಿ ಓಡುವ ತಂತ್ರಾಂಶದ ಮೂಲಸಂಕೇತ ಮುಕ್ತವಾಗಿತ್ತು. ಬಳಸುವವರೇ ಅದನ್ನು ಎತ್ತಿಕೊಂಡು, ಹೆಸರು ಬದಲಿಸಿ, ಇವತ್ತಿಗೂ ನಡೆಸುತ್ತಿದ್ದಾರೆ. ಕಂಪನಿ ಹೋಯಿತು, ಮನೆಯ ಸಂಗೀತ ಉಳಿಯಿತು. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಎರಡನೆಯದು, ಕನ್ನಡದಲ್ಲಿ ಬರೆಯುವ ನಾವೆಲ್ಲ ಕಿವಿಗೊಡಬೇಕಾದದ್ದು: ಹೆಸರು.

ಈ ತಂತ್ರಾಂಶ, ಆ್ಯಪುಗಳೆಲ್ಲ ಪಾಶ್ಚಾತ್ಯ ಪಾಪ್ ಸಂಗೀತವನ್ನು ಕಣ್ಣೆದುರು ಇಟ್ಟುಕೊಂಡು ಹುಟ್ಟಿದವು. ಗಾಯಕ, ಆಲ್ಬಮ್, ಹಾಡು, ಮೂರೇ ಖಾನೆ. ನಮ್ಮ ಒಂದು ಕಚೇರಿಯಲ್ಲಿ ಏನೇನಿರುತ್ತೆ ನೋಡಿ: ಹಾಡಿದವರು, ಪಿಟೀಲು, ಮೃದಂಗ, ಘಟ, ಕೃತಿ, ರಾಗ, ತಾಳ, ವಾಗ್ಗೇಯಕಾರರು, ಊರು, ತಾರೀಖು. ಇದನ್ನು ಮೂರು ಖಾನೆಗೆ ತುರುಕಿದಾಗ ಮೊದಲು ಬಿದ್ದುಹೋಗೋದು ಪಕ್ಕವಾದ್ಯದವರು. ಪುರಂದರದಾಸರು ಒಮ್ಮೊಮ್ಮೆ "ಗಾಯಕ"ರಾಗಿ ಬಿಡುತ್ತಾರೆ! ಗಂಗೂಬಾಯಿ ಹಾನಗಲ್ಲರ 1930ರ ದಶಕದ ಗ್ರಾಮಫೋನ್ ತಟ್ಟೆಗಳ ಮೇಲೆ ಇದ್ದ ಹೆಸರು ಗಾಂಧಾರಿ. ಇಬ್ಬರೂ ಒಬ್ಬರೇ ಅಂತ ಯಂತ್ರಕ್ಕೆ ಯಾರು ಹೇಳಬೇಕು? ಧಾರವಾಡದ ಕಡೆ ಕಿವಿ ಇರುವ ಯಾವ ಹಿರಿಯರನ್ನು ಕೇಳಿದರೂ ಗೊತ್ತು. ಅವರು ಹೇಳಬೇಕು, ನಾವು ಬರೆಯಬೇಕು.

ಅದೂ ಕನ್ನಡದಲ್ಲೇ ಬರೆಯಬೇಕು. ರೋಮನ್ ಅಕ್ಷರದಲ್ಲಿ ಒಂದೇ ರಾಗಕ್ಕೆ ನಾಲ್ಕು ಸ್ಪೆಲ್ಲಿಂಗು, "ಲ"ಗೂ "ಳ"ಗೂ ಭೇದ ಇಲ್ಲ. ಒಂದು ಕಾಲದಲ್ಲಿ ಕನ್ನಡದಲ್ಲಿ ಬರೆಯಲು ಆಗುತ್ತಲೇ ಇರಲಿಲ್ಲ ಅನ್ನೋದು ನಿಜ. ಮೊದಲ ಕಾಲದ ಎಂಪಿ3ಗಳ ಚೀಟಿಯಲ್ಲಿ ಹೆಸರಿಗೆ 30 ಬೈಟ್ ಜಾಗ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಬಲವಂತವಾಗಿ ತುರುಕಿದರೂ ಹತ್ತೇ ಚಿಹ್ನೆ ಹಿಡಿಯೋದು. ಮಲ್ಲಿಕಾರ್ಜುನ ಮನ್ಸೂರರು "ಮಲ್ಲಿಕಾರ್ಜ" ಅಂತ ನಿಂತುಬಿಡುತ್ತಾರೆ! ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಬರೆದ ಹೆಸರುಗಳು ಬೇರೆ ಗಣಕದಲ್ಲಿ ಏನಾಗುತ್ತಿದ್ದವು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ನಾವೆಲ್ಲ ಆ ಚಿತ್ರಲಿಪಿ ಓದಿಯೇ ಇಲ್ಲಿಗೆ ಬಂದವರು. ಫ್ಲಾಕ್‌ನ ಚೀಟಿ ಮಾತ್ರ ಯೂನಿಕೋಡು. ಖಾನೆಗಳನ್ನೂ ನಮಗೆ ಬೇಕಾದಷ್ಟು ಸೇರಿಸಿಕೊಳ್ಳಬಹುದು: ರಾಗ, ತಾಳ, ಪಿಟೀಲು, ಅಂಕಿತ. ಖಾನೆಯ ಹೆಸರು ರೋಮನ್‌ನಲ್ಲಿರಬೇಕು, ಒಳಗಿನ ಮಾತು ಪೂರ್ತಿ ಕನ್ನಡದಲ್ಲಿರಬಹುದು. ಹೊಸ ಖಾನೆಗಳನ್ನು ಎಲ್ಲ ತಂತ್ರಾಂಶಗಳೂ ತೋರಿಸುವುದಿಲ್ಲವಾದ್ದರಿಂದ ನಾನು ಹಾಡಿನ ಹೆಸರಿನ ಮುಂದೆಯೂ ರಾಗ, ತಾಳ ಬರೆದಿಡುತ್ತೇನೆ. ಫೋನಿನಲ್ಲಿ "ತೋಡಿ" ಅಂತ ಕನ್ನಡದಲ್ಲಿ ಟೈಪಿಸಿದರೆ ಮನೆಯಲ್ಲಿರುವ ತೋಡಿಯೆಲ್ಲ ಸಾಲಾಗಿ ಬಂದು ನಿಲ್ಲುತ್ತದೆ. ನನಗಂತೂ ಇದೇ ಉತ್ಕೃಷ್ಟ ಗುಣಮಟ್ಟ.

ಇಲ್ಲೊಂದು ತೊಡಕನ್ನು ಹೇಳಿಬಿಡುತ್ತೇನೆ. ಯೂನಿಕೋಡಿನಲ್ಲಿ "ಭೀಮಸೇನ ಜೋಶಿ" ಅನ್ನೋದನ್ನು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಸಂಗ್ರಹಿಸಬಹುದು. "ಭೀ"ಯ ದೀರ್ಘ ಒಂದೇ ಚಿಹ್ನೆಯಾಗಿಯೂ ಇರಬಹುದು, ಗುಡಿಸು ಮತ್ತು ದೀರ್ಘದ ಗುರುತು ಬಿಡಿಬಿಡಿಯಾಗಿಯೂ ಇರಬಹುದು. "ಜೋ" ಹಾಗೇ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹಳೆಯ ಮ್ಯಾಕ್‌ಗಳ ಕಡತವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಅಲ್ಲಿಂದ ತಂದ ಕಡತವನ್ನು ಲಿನಕ್ಸಿನಲ್ಲಿ ಹುಡುಕಿದರೆ ಸಿಗದೇ ಹೋಗಬಹುದು. ಎಲ್ಲವನ್ನೂ ಒಮ್ಮೆ ಕೂಡಿಸಿದ ರೂಪಕ್ಕೆ ತಂದುಬಿಟ್ಟರೆ ಮತ್ತೆ ತಲೆನೋವಿಲ್ಲ, ಅದಕ್ಕೆ ಪುಟ್ಟ ತಂತ್ರಾಂಶಗಳಿವೆ.

ಇಷ್ಟೆಲ್ಲ ಶ್ರಮ ಯಾತಕ್ಕೆ ಅಂದರೆ, ನಮ್ಮ ಮನೆಗಳಲ್ಲಿ ಇರುವ ಸಂಗೀತದಲ್ಲಿ ಒಂದಷ್ಟು ಯಾವ ಆ್ಯಪಿನಲ್ಲೂ ಇಲ್ಲ, ಮುಂದೆಯೂ ಬರುವುದಿಲ್ಲ. ನನ್ನ ಅಪ್ಪ ರೇಡಿಯೋದಿಂದ, ಚಾಮರಾಜಪೇಟೆ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳಿಂದ ತುಂಬಿಸಿಟ್ಟ ಕ್ಯಾಸೆಟ್ಟುಗಳು ಎರಡು ಬಿಸ್ಕತ್ ಡಬ್ಬದಷ್ಟಿವೆ. ರಟ್ಟಿನ ಮೇಲೆ ಅವರ ಸಣ್ಣ ಅಕ್ಷರದಲ್ಲಿ ರಾಗ, ತಾಳ, ಪಕ್ಕವಾದ್ಯದವರ ಹೆಸರು. ಮೂರು ಖಾನೆಯ ದರಿದ್ರ ಅವರಿಗಿರಲಿಲ್ಲ ನೋಡಿ. ನಾನೀಗ ಮಾಡುತ್ತಿರೋದು ಆ ರಟ್ಟನ್ನು ಯೂನಿಕೋಡಿಗೆ ಇಳಿಸುವ ಕೆಲಸ, ಅಷ್ಟೇ. ಅದನ್ನು ಬಿಟ್ಟು ಶಬ್ದ ಮಾತ್ರ ಉಳಿಸಿದರೆ "ಟ್ರ್ಯಾಕ್ 01, ಅಪರಿಚಿತ ಗಾಯಕ" ಅಂತ ಮೊಮ್ಮಕ್ಕಳಿಗೆ ಕೊಟ್ಟ ಹಾಗೆ. ಅವರು ಅದನ್ನು ಒಂದು ಸಲವೂ ಒತ್ತುವುದಿಲ್ಲ.

ಕ್ಯಾಸೆಟ್ ಇಳಿಸುವವರಿಗೆ ನಾಲ್ಕು ಮಾತು. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷ ಹಿಡಿಯುತ್ತದೆ, ಅಡ್ಡದಾರಿ ಇಲ್ಲ. ಶುರು ಮಾಡುವ ಮೊದಲು ಪ್ಲೇಯರಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಮುದ್ರಿಸಿಕೊಳ್ಳುವಾಗ ಮಾತ್ರ 24 ಬಿಟ್, 48 ಕಿಲೋಹರ್ಟ್ಸ್ ಇಡಿ. ಎಲ್ಲೋ ಒಂದು ಕಡೆ ತಾರಸ್ಥಾಯಿ ಜೋರಾಗಿ ಬಂದಾಗ ಒಡೆಯದಂತೆ ಮಟ್ಟವನ್ನು ತಗ್ಗಿಸಿ ಇಟ್ಟುಕೊಳ್ಳಲು ಅದರಲ್ಲಿ ಜಾಗ ಇರುತ್ತದೆ. "ಸ್" ಅನ್ನುವ ಟೇಪಿನ ಸದ್ದು ತೆಗೆಯಲು ಹೋಗಿ ಮೂಲಪ್ರತಿಯನ್ನು ಕೆಡಿಸಬೇಡಿ. ಒಂದೇ ಸಮ ಕೇಳಿಸುವ ಸದ್ದನ್ನೆಲ್ಲ ಕಸ ಅಂದುಕೊಳ್ಳುವ ಆ ತಂತ್ರಾಂಶಗಳಿಗೆ ತಂಬೂರಿಯೂ ಕಸವೇ!

ಇನ್ನು ಕರೆಂಟು. ನಮ್ಮ ಕಡೆ ಅದು ಹೋಗೋದು ಹೊಸ ಸುದ್ದಿಯಲ್ಲ, ಮತ್ತು ಬರೆಯುತ್ತಿರುವಾಗ ಕರೆಂಟು ಹೋದರೆ ಪೈಯ ಮೆಮೊರಿ ಕಾರ್ಡು ಕೆಡುವ ಸಾಧ್ಯತೆ ಇದ್ದೇ ಇದೆ. ಪೈಕೋರ್‌ಪ್ಲೇಯರ್ ಪೂರ್ತಿ ರ್‍ಯಾಮಿನಲ್ಲೇ ಓಡುವುದರಿಂದ ಈ ಭಯ ಕಮ್ಮಿ. ಹಾಡಿನ ಡಿಸ್ಕನ್ನು ಓದಲು ಮಾತ್ರ ಅನ್ನೋ ಸ್ಥಿತಿಯಲ್ಲಿ ಇಟ್ಟು, ಹೊಸದು ಸೇರಿಸುವಾಗ ಮಾತ್ರ ಬಿಚ್ಚಿ. ಮುಖ್ಯವಾಗಿ, ಒಂದೇ ಪ್ರತಿ ಇದ್ದರೆ ಇಲ್ಲದ ಹಾಗೆ ಅಂತಲೇ ತಿಳಿಯಿರಿ. ನನ್ನ ಎರಡನೇ ಡಿಸ್ಕು ಮೈಸೂರಿನಲ್ಲಿ ಅಕ್ಕನ ಮನೆಯ ಬೀರುವಿನಲ್ಲಿದೆ. ಹಬ್ಬಕ್ಕೆ ಹೋದಾಗ ಹೊಸದನ್ನು ಸೇರಿಸಿ, ಹಳೆಯದನ್ನು ಪರೀಕ್ಷೆ ಮಾಡಿ ಬರುತ್ತೇನೆ. ಪ್ರತಿ ಫ್ಲಾಕ್ ಕಡತದೊಳಗೂ ಅದರ ಶಬ್ದದ ಬೆರಳಚ್ಚಿನಂಥ ಒಂದು ಸಂಖ್ಯೆ ಇರುತ್ತದೆ. ಒಂದು ಆಜ್ಞೆ ಕೊಟ್ಟರೆ, ಇಪ್ಪತ್ತು ವರ್ಷದ ಮೇಲೂ, ಕಡತ ಕೆಟ್ಟಿದೆಯೋ ಇಲ್ಲವೋ ಅದೇ ಹೇಳುತ್ತದೆ.

"ಇದೆಲ್ಲ ಕಾನೂನಿಗೆ ಒಪ್ಪುತ್ತಾ?" ಅನ್ನೋರಿಗೆ: ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನು ಖಾಸಗಿ ಬಳಕೆಗೆ ನ್ಯಾಯವಾದಷ್ಟು ಅವಕಾಶ ಕೊಡುತ್ತದೆ, 2012ರ ತಿದ್ದುಪಡಿಯ ನಂತರ ಧ್ವನಿಮುದ್ರಣಗಳೂ ಅದರೊಳಗೆ ಬಂದಿವೆ. ನಾವು ಕೊಂಡ ಸಿಡಿಯನ್ನು ನಾವೇ ಮನೆಯಲ್ಲಿ ಕೇಳುವುದು ಒಂದು, ಊರಿಗೆಲ್ಲ ಹಂಚುವುದು ಇನ್ನೊಂದು. ಎರಡನೆಯದನ್ನು ಮಾಡಬೇಡಿ, ಹಾಡಿದವರ ಹೊಟ್ಟೆ ಮೇಲೆ ಹೊಡೆದ ಹಾಗೆ. ಸಿಡಿ ಸಿಗುವಲ್ಲಿ ಇನ್ನೂ ಕೊಳ್ಳಿ.

ಎಲ್ಲರಿಗೂ ಇದು ಬೇಕೇ? ಬೇಡ. ಹೊಸ ಸಿನಿಮಾ ಹಾಡನ್ನು ಆಫೀಸಿನ ದಾರಿಯಲ್ಲಿ ಕೇಳುವವರಿಗೆ ಆ್ಯಪೇ ಸುಖ. ಆದರೆ ಮನೆಯಲ್ಲಿ ಒಂದು ಡಬ್ಬ ಕ್ಯಾಸೆಟ್ಟಾದರೂ ಇರುವವರು, ಆ ರಟ್ಟಿನ ಮೇಲಿನ ಅಕ್ಷರ ಯಾರದ್ದು ಅಂತ ಗೊತ್ತಿರುವವರು, ಆ ಅಕ್ಷರ ಓದಿ ಹೇಳಬಲ್ಲ ಹಿರಿಯರು ಇನ್ನೂ ಮನೆಯಲ್ಲಿರುವವರು, ದಯವಿಟ್ಟು ತಡ ಮಾಡಬೇಡಿ. ಡಿಎಸಿ ಮುಂದಿನ ವರ್ಷವೂ ಸಿಗುತ್ತದೆ.

ಕೊನೆಗೊಂದು ಕೋರಿಕೆ. ಕಾಂಭೋಜಿಯೋ ಕಾಂಬೋಧಿಯೋ, ಶಹನವೋ ಸಹಾನವೋ, ಬೇಹಾಗೋ ಬಿಹಾಗೋ? ಒಬ್ಬೊಬ್ಬರು ಒಂದೊಂದು ಥರ ಬರೆದರೆ ಕನ್ನಡದಲ್ಲೂ ರೋಮನ್ನಿನ ಗತಿಯೇ. 72 ಮೇಳಕರ್ತ ರಾಗಗಳ ಹೆಸರನ್ನು ಕೂಡಿಸಿದ ಯೂನಿಕೋಡ್ ರೂಪದಲ್ಲಿ ಟೈಪಿಸಿ ಇಟ್ಟಿದ್ದೇನೆ, ಬೇಕಾದವರಿಗೆ ಕಳಿಸುತ್ತೇನೆ. ಜನ್ಯರಾಗಗಳನ್ನು ನೀವು ಸೇರಿಸಿ. ಹಿಂದೂಸ್ತಾನಿ ಬಲ್ಲ ಧಾರವಾಡ, ಹುಬ್ಬಳ್ಳಿ, ಗದಗಿನ ಗೆಳೆಯರು ಆ ಕಡೆಯದನ್ನು ಶುರು ಮಾಡಿ. ಎರಡು ಬಗೆಯ ಕಾಗುಣಿತ ಇರುವ ಕಡೆ ಎರಡನ್ನೂ ಪಕ್ಕಪಕ್ಕ ಬರೆಯಿರಿ, ಯಾವುದು ಮೊದಲು ಅಂತ ಆಮೇಲೆ ಜಗಳ ಆಡೋಣ :-)